ಸಾಲಿನಲ್ಲಿ ನಗುತ್ತಿದ್ದವರು

ನೋಟ ತನ್ನ ಮೊದಲ ಪರೀಕ್ಷೆಯಲ್ಲೇ ಹಲ್ಲುನೋವಿನವನೊಬ್ಬನಿಗೆ ಮರುಳಾಯಿತು.

ನೋಟ ಎಂಬುದು ಒಂದು ಯಂತ್ರದ ಹೆಸರು. ಧಾರವಾಡದ ಹೊರಗಿನ ಸಂಶೋಧನಾ ಕೇಂದ್ರವೊಂದರಲ್ಲಿ ನೀಲಾಂಬರಿ ಹಂಪಣ್ಣವರ ಎಂಬ ವಿಜ್ಞಾನಿ ಅದನ್ನು ಕಟ್ಟಿದ್ದಳು. ತಾಲ್ಲೂಕು ಆಸ್ಪತ್ರೆಗಳಲ್ಲಿ ವೈದ್ಯರು ಒಬ್ಬರಿರುತ್ತಾರೆ, ಕಾಯುವವರು ನೂರು ಜನ. ಆ ನೂರರಲ್ಲಿ ಯಾರನ್ನು ಮೊದಲು ಒಳಗೆ ಕರೆಯಬೇಕು? ಸಾಮಾನ್ಯವಾಗಿ ಜೋರಾಗಿ ನರಳುವವರನ್ನು ಕರೆಯುತ್ತಾರೆ. ಮೂಲೆಯಲ್ಲಿ ಸುಮ್ಮನೆ ಕೂತವರು ಕೂತೇ ಇರುತ್ತಾರೆ. ಗೋಡೆಗೆ ಹಾಕಿದ ಕ್ಯಾಮೆರಾ, ಮೈಕುಗಳ ಮೂಲಕ ಸಾಲಿನಲ್ಲಿ ಕೂತವರನ್ನೆಲ್ಲ ನೋಡಿ, ಕೇಳಿ, ಯಾರ ಮೈಯಲ್ಲಿ ನಿಜವಾದ ಅಪಾಯವಿದೆ ಎಂದು ಹೇಳುವುದು ನೋಟದ ಕೆಲಸ. ಪರದೆಯ ಮೇಲೆ ಪ್ರತಿಯೊಬ್ಬರ ಮುಖದ ಸುತ್ತ ಒಂದು ಬಳೆ ಮೂಡುತ್ತಿತ್ತು. ಹಸಿರು ಬಳೆಯ ಕೆಳಗೆ ‘ಕಾಯಬಹುದು’ ಎಂದೂ ಹಳದಿ ಬಳೆಯ ಕೆಳಗೆ ‘ಮೊದಲು ನೋಡಿ’ ಎಂದೂ ಬರೆದಿರುತ್ತಿತ್ತು.

ಮೊದಲ ದಿನ ಅದು ಕೆನ್ನೆ ಹಿಡಿದುಕೊಂಡು ಅಯ್ಯೋ ಅಯ್ಯೋ ಎನ್ನುತ್ತಿದ್ದ ತರುಣನಿಗೆ ಹಳದಿ ಬಳೆ ತೊಡಿಸಿತು. ನ್ಯುಮೋನಿಯಾದಿಂದ ಎದೆ ಕಟ್ಟಿದ್ದರೂ ಪಕ್ಕದವಳ ಜೊತೆ ನಗುತ್ತ ಮಾತಾಡುತ್ತಿದ್ದ ಮುದುಕಿಗೆ ಹಸಿರು. ಪುಣ್ಯಕ್ಕೆ ವೈದ್ಯರು ಮುದುಕಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದ್ದರು.

“ನಮ್ಮ ನೋಟಕ್ಕ ಅಳೋರು, ನಗೋರು ಅಷ್ಟ ಕಾಣ್ತಾರ್ರಿ ಮೇಡಂ. ಬ್ಯಾನಿ ಕಾಣಂಗಿಲ್ಲ,” ಎಂದ ಇಮ್ತಿಯಾಜ್. ಯಂತ್ರಕ್ಕೆ ಕಲಿಸುವ ತಂತ್ರಾಂಶ ಬರೆಯುತ್ತಿದ್ದವನು ಅವನೇ.

“ಹಂಗಾರ ಅದಕ್ಕ ನಾಟಕ ಯಾವುದು, ನಿಜ ಯಾವುದು ಅಂತ ಕಲಿಸೋಣ,” ಎಂದಳು ನೀಲಾಂಬರಿ. “ನಾಟಕದವರನ್ನ ಕರಸು.”

ಹೀಗೆ ಅಡಿವೆಪ್ಪ ಕುರಡಗಿ ಮತ್ತು ಅವರ ಹವ್ಯಾಸಿ ನಾಟಕ ಬಳಗ ಪ್ರಯೋಗಾಲಯಕ್ಕೆ ಬಂತು.

ಅಡಿವೆಪ್ಪ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಕೆಲಸದಲ್ಲಿದ್ದಾಗಲೂ ಸಂಜೆಯಾದರೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು, ಈಗಂತೂ ಬೆಳಗಿನಿಂದಲೇ ನಾಟಕ. ದಪ್ಪ ಮೀಸೆ, ದೊಡ್ಡ ದನಿ. ನಕ್ಕರೆ ಪಕ್ಕದ ಕೋಣೆಯ ಕಿಟಕಿಯೂ ನಗಬೇಕು. ಅವರ ಹೆಂಡತಿ ಶಿವಲೀಲಾ ಬಣ್ಣ ಹಚ್ಚಿದವರಲ್ಲ. ರಂಗದ ಪಕ್ಕದ ಪರದೆಯ ಹಿಂದೆ ನಿಂತು, ನಟರು ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುವವರು. ಪ್ರಯೋಗಾಲಯಕ್ಕೂ ಬಂದು ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ದೊಡ್ಡ ಕೋಣೆಯೊಂದನ್ನು ಆಸ್ಪತ್ರೆಯ ಹಜಾರದಂತೆ ಸಜ್ಜುಗೊಳಿಸಿದ್ದರು. ಬೆಂಚುಗಳ ಮೇಲೆ ನಟರು ಕೂತರು. ಅವರ ನಡುವೆ, ಒಪ್ಪಿಗೆ ಕೊಟ್ಟ ಕೆಲವು ನಿಜವಾದ ರೋಗಿಗಳೂ ಇದ್ದರು. ರೋಹಿಣಿ ಕಾಮತ ಎಂಬ ನಟಿ ಎಷ್ಟು ಚೆನ್ನಾಗಿ ಕೆಮ್ಮಿದಳೆಂದರೆ, ಪಕ್ಕದಲ್ಲಿದ್ದ ನಿಜವಾದ ಕೆಮ್ಮಿನ ರೋಗಿ ತನ್ನ ಜೇಬಿನಿಂದ ಕಲ್ಲುಸಕ್ಕರೆ ತೆಗೆದು ಅವಳಿಗೆ ಕೊಟ್ಟ. ಹೊಟ್ಟೆನೋವು, ತಲೆಸುತ್ತು, ಜ್ವರ ಎಲ್ಲವೂ ಬೆಂಚಿನ ಮೇಲೆ ಹೊರಳಾಡಿದವು. ಅಡಿವೆಪ್ಪ ಮಾತ್ರ ರೋಗಿಯ ಪಾತ್ರ ಬೇಡವೆಂದರು.

“ಎಲ್ಲಾರೂ ಬ್ಯಾನಿ ಬಿದ್ರ ನಾಟಕ ನಡಿಯೂದು ಹೆಂಗ್ರಿ? ನಾ ಕಂಪೌಂಡರ್ ಆಗ್ತೀನಿ. ಗಟ್ಟಿಮುಟ್ಟ ಕಂಪೌಂಡರ್!”

ಬಿಳಿ ಕೋಟು ತೊಟ್ಟು, ಸಾಲಿನುದ್ದಕ್ಕೂ ಓಡಾಡುತ್ತ ಎಲ್ಲರನ್ನೂ ಗದರಿಸಿದರು. ನಕ್ಕು ನಕ್ಕು ನೋಡುವವರ ಹೊಟ್ಟೆ ಹುಣ್ಣಾಯಿತು.

ದಿನ ಕಳೆದಂತೆ ನೋಟ ಕಲಿಯಿತು. ಹೃದಯ ಒಂದೊಂದು ಸಲ ಬಡಿದಾಗಲೂ ಮುಖಕ್ಕೆ ರಕ್ತ ನುಗ್ಗಿ ಚರ್ಮದ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಮಾತಿನ ನಡುವೆ ಉಸಿರು ಎಲ್ಲಿ ತೆಗೆದುಕೊಂಡರು, ಏಳುವಾಗ ಭಾರ ಯಾವ ಕಾಲಿನ ಮೇಲೆ ಬಿತ್ತು, ರೆಪ್ಪೆ ಎಷ್ಟು ನಿಧಾನವಾಗಿ ಮುಚ್ಚಿತು — ಇಂಥವನ್ನೆಲ್ಲ ಒಟ್ಟು ಮಾಡಿ ಅದು ತೀರ್ಮಾನಕ್ಕೆ ಬರುತ್ತಿತ್ತು. ಹೇಗೆ ಬಂತೆಂದು ಅದಕ್ಕೂ ಹೇಳಲಾಗುತ್ತಿರಲಿಲ್ಲ. ಮನೆಯವರು ನಮ್ಮ ಮುಖ ನೋಡಿದ ಕೂಡಲೇ ‘ಯಾಕ, ಹುಷಾರಿಲ್ಲೇನು?’ ಎನ್ನುತ್ತಾರಲ್ಲ, ಅವರಿಗೂ ಹೇಗೆ ತಿಳಿಯಿತೆಂದು ಹೇಳಲು ಬರುವುದಿಲ್ಲ. ಇದೂ ಹಾಗೆಯೇ.

ಕೊನೆಗೆ ಒಂದು ಮಧ್ಯಾಹ್ನ ನೋಟ ಎಲ್ಲವನ್ನೂ ಸರಿಯಾಗಿ ಹೇಳಿತು. ರೋಹಿಣಿಯ ಭಯಂಕರ ಕೆಮ್ಮಿಗೆ ಹಸಿರು ಬಳೆ. ಪಕ್ಕದ ನಿಜವಾದ ರೋಗಿಗೆ ಹಳದಿ. ಹೊರಳಾಡುತ್ತಿದ್ದ ನಟರಿಗೆಲ್ಲ ಹಸಿರು. ಇಮ್ತಿಯಾಜ್ ಚಪ್ಪಾಳೆ ತಟ್ಟಲು ಕೈ ಎತ್ತಿದವನು ಹಾಗೆಯೇ ನಿಂತ. ಸಾಲಿನ ತುದಿಯಲ್ಲಿ ಇನ್ನೂ ಒಂದು ಹಳದಿ ಬಳೆ ಮಿನುಗುತ್ತಿತ್ತು. ಅದು ಗಹಗಹಿಸಿ ನಗುತ್ತಿದ್ದ ಕಂಪೌಂಡರನ ಮುಖದ ಸುತ್ತ.

ಕೋಣೆಗೆ ಕೋಣೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಡಿವೆಪ್ಪ.

“ನೋಡ್ರಿ, ಇದ ನಟನೆ ಅಂದ್ರ! ಇವರೆಲ್ಲಾ ಬ್ಯಾನಿ ಬಿದ್ದು ಒದ್ದಾಡಿದ್ರೂ ನಂಬಲಿಲ್ಲ. ನಾ ಬರೇ ಕೋಟ್ ಹಾಕ್ಕೊಂಡಿದ್ದಕ್ಕ ನಂಬಿಬಿಡ್ತು!”

ಕೇಂದ್ರದ ವೈದ್ಯರು ಆಗಲೇ ಅವರ ರಕ್ತದೊತ್ತಡ ನೋಡಿದರು, ಇಸಿಜಿ ತೆಗೆದರು. ಎಲ್ಲವೂ ಸರಿಯಾಗಿತ್ತು. ಮರುದಿನ ಮತ್ತೆ ಸಾಲು ಕೂಡಿಸಿದರು. ಮತ್ತೆ ಹಳದಿ ಬಳೆ. ಅದರ ಮರುದಿನವೂ ಅಷ್ಟೇ.

ಮುಂದಿನ ವಾರ ಆರೋಗ್ಯ ಇಲಾಖೆಯ ಅಧಿಕಾರಿಗಳು ನೋಟವನ್ನು ನೋಡಲು ಬರುವವರಿದ್ದರು. ಇಮ್ತಿಯಾಜ್ ಚಡಪಡಿಸಿದ.

“ಮೇಡಂ, ಇವರು ಆರಾಮದಾರ ಅಂತ ನಾವ ಅದಕ್ಕ ಹೇಳಿಬಿಡೋಣ್ರಿ. ಒಮ್ಮೆ ತಿದ್ದಿದ್ರ ಸಾಕು, ಇಂಥ ಮಾರಿ ಕಂಡಾಗೆಲ್ಲಾ ಹಸಿರು ಕೊಡ್ತೈತಿ.”

“ನಾಳೆ ಮುಂಜಾನೆ ಮಾಡೋಣ,” ಎಂದು ನೀಲಾಂಬರಿ ಮನೆಗೆ ಹೊರಟಳು. ಮನಸ್ಸಿಗೆ ಏನೋ ಕಸಿವಿಸಿ. ವೈದ್ಯರು ಸರಿಯಿದೆ ಎಂದಿದ್ದಾರೆ, ಕಣ್ಣೆದುರಿನ ಮನುಷ್ಯ ಆನೆಯ ಹಾಗಿದ್ದಾರೆ. ತಪ್ಪು ಯಂತ್ರದ್ದೇ ಇರಬೇಕು.

ಮನೆಯಲ್ಲಿ ಅವಳ ತಾಯಿ ಪದ್ಮಾವತಿ ಚಕ್ಕುಲಿಯನ್ನು ಡಬ್ಬಿಗೆ ತುಂಬುತ್ತಿದ್ದರು. ಮರುದಿನ ಬೆಳಿಗ್ಗೆ ಬಸದಿಯ ಗೆಳತಿಯರೆಲ್ಲ ಸೇರಿ ಶ್ರವಣಬೆಳಗೊಳಕ್ಕೆ ಹೊರಟಿದ್ದರು. ತಿಂಗಳಿನಿಂದ ಮನೆಯಲ್ಲಿ ಅದೇ ಮಾತು.

“ಬಂದ್ಯಾ ನೀಲಾ? ನೋಡ ಈ ಸೀರಿ ಹೆಂಗ ಕಾಣ್ತೈತಿ? ಸುಮತಿ ಬೆಟ್ಟಾ ಹತ್ತೂದು ಆಗೂದಿಲ್ಲ ಅಂತಾಳ. ನಾ ಹೇಳೀನಿ, ನೀ ಕೆಳಗ ಕುಂದರು, ನಾ ಓಡಿಕೋತ ಹತ್ತಿ ಬರ್ತೀನಂತ. ನಿಂದು ಊಟ ಅಲ್ಲೇ ಮುಚ್ಚಿಟ್ಟೀನಿ. ನಂದು ಹೊತ್ತು ಮುಳುಗೂದ್ರೊಳಗ ಆಗೇತಿ.”

ನೀಲಾಂಬರಿ ಮುಚ್ಚಳ ತೆಗೆದಳು. ಅನ್ನದ ಪಾತ್ರೆಯಲ್ಲಿ ಅನ್ನ ಮಾಡಿದ ಹಾಗೆಯೇ ಇತ್ತು. ಒಂದು ಸೌಟೂ ಬಿದ್ದಿರಲಿಲ್ಲ. ತಿರುಗಿ ತಾಯಿಯನ್ನು ನೋಡಿದಳು. ಅವ್ವ ಮಾತಾಡುತ್ತಲೇ ಇದ್ದರು. ಸಾಮಾನ್ಯವಾಗಿ ಇಷ್ಟು ಮಾತಾಡುವವರಲ್ಲ. ಸೆರಗನ್ನು ಎರಡೂ ಹೆಗಲ ಮೇಲೆ ಬಿಗಿಯಾಗಿ ಹೊದ್ದಿದ್ದರು. ನೀಲಾಂಬರಿ ಹತ್ತಿರ ಹೋಗಿ ಹಣೆ ಮುಟ್ಟಿದಳು. ಹೆಂಚಿನ ಹಾಗೆ ಸುಡುತ್ತಿತ್ತು.

“ಅವ್ವಾ!”

ಸಿಕ್ಕಿಬಿದ್ದ ಪದ್ಮಾವತಿ ಡಬ್ಬಿಯ ಮುಚ್ಚಳ ಹಾಕಿ ಕೂತರು. “ಹೆಂಗ ಗೊತ್ತಾತ ನಿನಗ? ನಾ ನರಳಿಲ್ಲ, ಕೆಮ್ಮಿಲ್ಲ.”

“ನೀ ಭಾಳ ಆರಾಮಿದ್ದಿ. ಅದಕ್ಕ ಗೊತ್ತಾತು.”

ಹಾಗೆಂದವಳು ಅಲ್ಲಿಯೇ ನಿಂತಳು. ಕಾಯಿಲೆ ನಟಿಸುವವರನ್ನು ಗುರುತಿಸಲು ಅವರು ಯಂತ್ರಕ್ಕೆ ಕಲಿಸಿದ್ದರು. ಆರೋಗ್ಯವನ್ನು ನಟಿಸುವವರೂ ಇರುತ್ತಾರಲ್ಲ! ಲೋಕದಲ್ಲಿ ಅಂಥವರೇ ಹೆಚ್ಚು. ಪ್ರವಾಸ ತಪ್ಪೀತೆಂದು, ಮನೆಯವರು ಗಾಬರಿಯಾದಾರೆಂದು, ಕೆಲಸ ನಿಂತೀತೆಂದು. ಆ ಸಾಲಿನಲ್ಲಿ ಆರೋಗ್ಯವಂತನ ಪಾತ್ರವನ್ನು ಕೇಳಿ ತೆಗೆದುಕೊಂಡವರು ಒಬ್ಬರೇ.

ತಾಯಿಗೆ ಮಾತ್ರೆ ಕೊಟ್ಟು, ಪ್ರವಾಸವನ್ನು ಮುಂದಿನ ವಾರಕ್ಕೆ ಹಾಕಲು ಸುಮತಿಯವರನ್ನು ಒಪ್ಪಿಸಿ (ಅವರಿಗೂ ಮೊಣಕಾಲು ನೋವಿತ್ತು, ಖುಷಿಯಿಂದಲೇ ಒಪ್ಪಿದರು), ನೀಲಾಂಬರಿ ಇಮ್ತಿಯಾಜ್‌ಗೆ ಫೋನ್ ಮಾಡಿದಳು. “ಏನೂ ತಿದ್ದಬ್ಯಾಡಪಾ. ನಾಳೆ ಅಡಿವೆಪ್ಪನವರ ಚಿತ್ರಗಳನ್ನ ಮತ್ತೊಮ್ಮೆ ನೋಡೋಣ.”

ಮರುದಿನ ಇಬ್ಬರೂ ಅಡಿವೆಪ್ಪನವರ ಮುಖದ ಬಣ್ಣದ ಏರಿಳಿತವನ್ನು ಗೆರೆಯಾಗಿ ಪರದೆಗೆ ತಂದರು. ಒಂದೊಂದು ಬಡಿತಕ್ಕೆ ಒಂದೊಂದು ಅಲೆ. ಅಲೆಗಳು ಸಾಲಾಗಿ ಸಾಗುತ್ತಿದ್ದವು. ಸಾಗುತ್ತ ಸಾಗುತ್ತ ಒಂದು ಕಡೆ, ಬಾಯಲ್ಲಿ ಹಲ್ಲು ಬಿದ್ದ ಜಾಗದ ಹಾಗೆ, ಖಾಲಿ. ಮತ್ತೆ ಅಲೆಗಳು.

“ಕ್ಯಾಮೆರಾ ಅಲುಗಾಡಿರಬೇಕ್ರಿ,” ಎಂದ ಇಮ್ತಿಯಾಜ್. ಅದೇ ಕ್ಷಣದಲ್ಲಿ ಪಕ್ಕದಲ್ಲಿದ್ದ ರೋಹಿಣಿಯ ಗೆರೆಯನ್ನೂ ತಂದು ನೋಡಿದರು. ಅವಳ ಅಲೆಗಳಲ್ಲಿ ಖಾಲಿ ಇರಲಿಲ್ಲ. ಮುಂದಕ್ಕೆ ಹೋದರೆ ಅಡಿವೆಪ್ಪನವರ ಗೆರೆಯಲ್ಲಿ ಇನ್ನೊಂದು ಕಡೆ ಅದೇ ಖಾಲಿ. ಚಿತ್ರದಲ್ಲಿ ಆ ಹೊತ್ತಿಗೆ ಅವರು ಬೆಂಚಿನ ತುದಿ ಹಿಡಿದುಕೊಂಡಿದ್ದರು. ಗದರಿಸುವ ಮೊದಲು ರೋಗಿಯನ್ನು ದುರುಗುಟ್ಟಿ ನೋಡುತ್ತಿದ್ದಾರೆಂದು ಎಲ್ಲರೂ ನಕ್ಕಿದ್ದರು.

ಇಮ್ತಿಯಾಜ್ ನಗಲಿಲ್ಲ. “ಇವರಿಗೆ ಎದಿ ನಿಂತು ನಿಂತು ಹೊಡಿತೈತಿ, ಮೇಡಂ. ಇಸಿಜಿ ತಗದಾಗ ನಿಂತಿರಲಿಲ್ಲ, ಅಷ್ಟ.”

ಇದನ್ನು ಫೋನಿನಲ್ಲಿ ಹೇಳುವುದು ಬೇಡವೆನಿಸಿ, ಇಬ್ಬರೂ ಧಾರವಾಡದ ಮಾಳಮಡ್ಡಿಯಲ್ಲಿದ್ದ ಅಡಿವೆಪ್ಪನವರ ಮನೆಗೇ ಹೋದರು. ಬಳಗಕ್ಕೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ಹೊಸ ನಗೆನಾಟಕವೊಂದನ್ನು ಆಡುವವರಿದ್ದರು. ಮಾಳಿಗೆಯ ಮೇಲೆ ಅದರ ತಾಲೀಮು ಆಗಷ್ಟೇ ಮುಗಿದಿತ್ತು. ಶಿವಲೀಲಾ ಗಿರಮಿಟ್ಟು, ಮಿರ್ಚಿ ಭಜಿ, ಚಹಾ ತಂದಿಟ್ಟರು.

“ಬರ್ರಿ ಬರ್ರಿ! ನಿಮ್ಮ ಯಂತ್ರ ಹೆಂಗೈತಿ? ಇನ್ನೂ ನನ್ನ ಮ್ಯಾಲೆ ಸಿಟ್ಟೈತೇನು?” ಎಂದು ಅಡಿವೆಪ್ಪ ಸ್ವಾಗತಿಸಿದರು.

ನೀಲಾಂಬರಿ ಸುತ್ತಿ ಬಳಸಲಿಲ್ಲ. ಫೋನಿನಲ್ಲಿ ಆ ಗೆರೆಯನ್ನು ತೋರಿಸಿ, ಖಾಲಿ ಜಾಗದ ಮೇಲೆ ಬೆರಳಿಟ್ಟಳು. “ಇಲ್ಲಿ ನಿಮಗ ಏನಾಗಿತ್ತರಿ?”

“ಏನೂ ಇಲ್ಲರಿ. ಮುಂದಿನ ಮಾತು ಏನ್ ಹೇಳ್ಬೇಕಂತ ವಿಚಾರ ಮಾಡ್ತಿದ್ದೆ.”

ಭಜಿಯ ತಟ್ಟೆ ಹಿಡಿದಿದ್ದ ಶಿವಲೀಲಾ ಅದನ್ನು ಕೆಳಗಿಟ್ಟರು. ಅವರ ಮುಖ ಸಣ್ಣದಾಗಿತ್ತು. ಬಹಳ ದಿನ ಕಟ್ಟಿಟ್ಟುಕೊಂಡದ್ದು ಆಗ ಹೊರಬಂತು.

“ನಾನೂ ನೋಡೀನ್ರಿ ಮೇಡಂ. ಈಗೀಗ ಮಾತಿನ ನಡುವ ನಿಂತುಬಿಡ್ತಾರ. ಮೊದಲ ಹಂಗ ಇರಲಿಲ್ಲ. ಎರಡು ತಾಸಿನ ನಾಟಕದಾಗ ಒಂದು ಅಕ್ಷರ ತಪ್ಪತಿರಲಿಲ್ಲ ಇವರು. ನಾ ಪರದೆ ಹಿಂದಿಂದ ಎತ್ತಿಕೊಟ್ರ ಸಿಟ್ಟಾಗ್ತಾರ. ನಮ್ಮ ಅವ್ವಗೂ ಹಿಂಗ ಸುರು ಆಗಿತ್ತು. ಮಾತು ಮರತಳು, ದಾರಿ ಮರತಳು, ಕಡೀಕೆ ನನ್ನೂ ಮರತಳು. ಇವರೂ ಹಂಗ ಆಗಾಕತ್ತಾರ ಅಂತ ನನಗ...” ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಡಿವೆಪ್ಪ ಹೆಂಡತಿಯನ್ನು ನೋಡಿದರು. ಅವರ ದೊಡ್ಡ ದನಿ ಎಲ್ಲಿ ಹೋಯಿತೋ.

“ಮರವು ಅಂತ ತಿಳದಿದ್ಯಾ ನೀನು? ಇಷ್ಟು ದಿನ?”

“ಮತ್ತೇನು ತಿಳೀಬೇಕರಿ?”

“ಮಾತು ಮರೆತಿಲ್ಲ ಲೀಲಾ. ಎಲ್ಲಾ ನೆನಪೈತಿ. ನಿಂತ ನಿಂತಲ್ಲೆ ಕಣ್ಣಿಗೆ ಕತ್ತಲಿ ಬರ್ತೈತಿ. ಒಂದು ಚಣ ಅಷ್ಟ. ಆಮ್ಯಾಲೆ ಹೋಗ್ತೈತಿ. ಹಿತ್ತಲದಾಗ ಒಮ್ಮೆ ಬಿದ್ದಿದ್ದೆ. ನಿನಗ ಹೇಳಿದ್ರ ನಾಟಕ ನಿಲ್ಲಸ್ತಿ, ಹುಡುಗರೆಲ್ಲಾ ತಯಾರಾಗ್ಯಾರ, ಆಡಿ ಮುಗಿಸಿ ತೋರಿಸಿದ್ರಾತಂತ...”

“ಅಂದ್ರ ಮರವು ಅಲ್ಲ?”

“ಅಲ್ಲ ಮಾರಾಯ್ತಿ.”

“ಅವರ ಎದಿ ನಿಂತು ನಿಂತು ಹೊಡಿತೈತ್ರಿ, ಕತ್ತಲಿ ಬರೂದು ಅದಕ್ಕ,” ಎಂದಳು ನೀಲಾಂಬರಿ.

ಶಿವಲೀಲಾ ಅಳುತ್ತ ಅಳುತ್ತ ನಗತೊಡಗಿದರು. ಗಂಡನ ಹೃದಯ ನಿಂತು ನಿಂತು ಬಡಿಯುತ್ತಿದೆ ಎಂದು ಕೇಳಿ ಹೀಗೆ ಹಗುರಾದ ಹೆಂಡತಿಯನ್ನು ನೀಲಾಂಬರಿ ಎಂದೂ ಕಂಡಿರಲಿಲ್ಲ. “ಎದಿ ಆದ್ರ ರಿಪೇರಿ ಮಾಡ್ತಾರಲ್ರಿ ಮೇಡಂ? ಮಾಡ್ತಾರಲ್ಲ?” ಎಂದು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಮ್ತಿಯಾಜ್ ಏನು ಮಾಡಬೇಕೆಂದು ತೋಚದೆ ಒಂದರ ಮೇಲೊಂದು ಮಿರ್ಚಿ ಭಜಿ ತಿನ್ನುತ್ತಿದ್ದ.

“ಮಾಡ್ತಾರ,” ಎಂದಳು ನೀಲಾಂಬರಿ. “ಆದ್ರ ತಡ ಮಾಡಬಾರದು.”

ಹುಬ್ಬಳ್ಳಿಯ ಹೃದಯ ತಜ್ಞರು ಅಡಿವೆಪ್ಪನವರ ಎದೆಗೆ ಒಂದು ಪುಟ್ಟ ಯಂತ್ರವನ್ನು ಅಂಟಿಸಿದರು. ಅದು ಇಡೀ ದಿನ ಹೃದಯದ ಬಡಿತವನ್ನು ದಾಖಲಿಸಿಕೊಳ್ಳುವಂಥದ್ದು. ಅಲ್ಲಿಯೇ ಆಸ್ಪತ್ರೆಯ ವಾರ್ಡಿನಲ್ಲಿ ಉಳಿಸಿಕೊಂಡರು. ಸುಮ್ಮನೆ ಮಲಗಿರಲಾರದೆ ಅಡಿವೆಪ್ಪ ಅಕ್ಕಪಕ್ಕದ ಮಂಚದವರಿಗೆ ನಾಟಕದ ಮೊದಲ ಅಂಕವನ್ನು ಆಡಿ ತೋರಿಸಿದರು. ಮರುದಿನ ದಾಖಲೆ ನೋಡಿದ ವೈದ್ಯರ ಹುಬ್ಬು ಮೇಲೇರಿತು. ಮೂರು ನಾಲ್ಕು ಕಡೆ ಹೃದಯ ಉಸಿರು ಬಿಗಿಹಿಡಿದವರ ಹಾಗೆ ಸುಮ್ಮನಿದ್ದು, ಆಮೇಲೆ ಮತ್ತೆ ಬಡಿಯಲು ತೊಡಗಿತ್ತು.

“ಎದಿಯೊಳಗ ವೈರಿಂಗ್ ಲೂಸ್ ಆಗೇತ್ರಿ ಯಜಮಾನ್ರ. ಕರೆಂಟು ಹೋಗಿ ಬಂದು ಮಾಡಾಕತ್ತೈತಿ. ಹಿಂಗ ಒಂದಿನ ಹೋದದ್ದು ತಿರುಗಿ ಬರದಿದ್ರ ಕಷ್ಟ,” ಎಂದರು ತಜ್ಞರು. “ಪೇಸ್‌ಮೇಕರ್ ಕೂಡಿಸ್ತೀವಿ. ಒಂದು ಬೆಂಕಿಪೊಟ್ಟಣಕ್ಕಿಂತ ಸಣ್ಣದು. ಕರೆಂಟು ಹೋದಾಗ ಅದು ಕೊಡ್ತೈತಿ.”

“ಅಂದ್ರ ಇನ್ವರ್ಟರ್!” ಎಂದರು ಅಡಿವೆಪ್ಪ.

“ಹೂಂ, ಇನ್ವರ್ಟರ್.”

“ಹಂಗಾರ ಇನ್ನ ಮ್ಯಾಲೆ ನಾಟಕದಾಗ ಲೈಟ್ ಹೋದ್ರೂ ನಾ ಹೋಗಂಗಿಲ್ಲ!”

ವೈದ್ಯರು ನಗುತ್ತಲೇ ಒಂದು ಕರಾರು ಹಾಕಿದರು. ಕೆಲವು ವಾರ ಎಡಗೈಯನ್ನು ಹೆಗಲಿಗಿಂತ ಮೇಲೆ ಎತ್ತಕೂಡದು. ಅಡಿವೆಪ್ಪ ಸ್ವಲ್ಪ ಯೋಚಿಸಿ, ತಮ್ಮ ಪಾತ್ರ ಮೂರನೆಯ ಅಂಕದಲ್ಲಿ ಕೈಯೆತ್ತಿ ಶಪಿಸುವ ಬದಲು ಕಾಲು ಕುಟ್ಟಿ ಶಪಿಸಬಹುದೆಂದು ತೀರ್ಮಾನಿಸಿದರು. ನಾಟಕವನ್ನು ಒಂದು ತಿಂಗಳು ಮುಂದೆ ಹಾಕಲು ರೋಹಿಣಿ ಆಗಲೇ ಎಲ್ಲರನ್ನೂ ಒಪ್ಪಿಸಿದ್ದಳು. ಬಳಗದ ಹುಡುಗರಲ್ಲಿ ಒಬ್ಬರೂ ಬೇಸರಪಡಲಿಲ್ಲ.

ಶಸ್ತ್ರಚಿಕಿತ್ಸೆಯ ದಿನವೇ ಆರೋಗ್ಯ ಇಲಾಖೆಯ ಅಧಿಕಾರಿಗಳು ಧಾರವಾಡಕ್ಕೆ ಬಂದರು. ನೋಟ ಎಲ್ಲವನ್ನೂ ಸರಿಯಾಗಿ ಹೇಳಿತೆಂದು ನೀಲಾಂಬರಿ ಹೊಗಳಿಕೊಳ್ಳಲಿಲ್ಲ. ಹಳದಿ ಬಳೆಯ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು: ನಾವೆಲ್ಲ ಹೇಗೆ ನಕ್ಕೆವು, ಯಂತ್ರವನ್ನೇ ತಿದ್ದಲು ಹೇಗೆ ಹೊರಟಿದ್ದೆವು, ಕೊನೆಗೆ ಮನೆಗೆ ಹೋಗಿ ಕೂತು ಕೇಳಿದಾಗಲೇ ಹೇಗೆ ವಿಷಯ ತಿಳಿಯಿತು ಎಂದು.

“ನೋಟ ನೋಡಬಲ್ಲದು, ವಿಚಾರಿಸಲಾರದು. ನೀವು ಇದನ್ನು ಯಾವ ಆಸ್ಪತ್ರೆಗೆ ಕೊಟ್ಟರೂ ಅದರ ಪಕ್ಕದಲ್ಲಿ ಮನುಷ್ಯರೊಬ್ಬರನ್ನು ಕೂಡಿಸಬೇಕು. ಹಳದಿ ಬಳೆ ಬಂದವರ ಹತ್ತಿರ ಹೋಗಿ, ಎರಡು ನಿಮಿಷ ಕೂತು, ಹೇಗಿದ್ದೀರಿ ಎಂದು ಸಮಾಧಾನದಿಂದ ಕೇಳುವವರು. ‘ಆರಾಮ ಇದ್ದೀನಿ’ ಎಂದರೆ ಇನ್ನೊಮ್ಮೆ ಕೇಳುವವರು.”

ಹಿರಿಯ ಅಧಿಕಾರಿಯೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. “ಯಂತ್ರ ತಂದರೆ ಜನ ಕಡಿಮೆ ಸಾಕು ಎಂದುಕೊಂಡಿದ್ದೆವು. ನೀವು ಇನ್ನೊಬ್ಬರನ್ನು ಸೇರಿಸಿ ಎನ್ನುತ್ತೀರಿ!” ಎಂದು ನಕ್ಕು, ಮೊದಲು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನೀವು ಹೇಳಿದ ಹಾಗೆಯೇ ಮಾಡಿ ನೋಡೋಣ ಎಂದರು. ಇಮ್ತಿಯಾಜ್ ಮೇಜಿನ ಕೆಳಗೆ ಮುಷ್ಟಿ ಬಿಗಿದು ಸಂಭ್ರಮಿಸಿದ.

ಮರುದಿನ ಮಧ್ಯಾಹ್ನ ಇಬ್ಬರೂ ಆ ಸುದ್ದಿ ಹೇಳಲು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದರು. ಬಾಗಿಲು ತಳ್ಳಿದ ನೀಲಾಂಬರಿ ಹೊಸ್ತಿಲಲ್ಲೇ ನಿಂತಳು. ಅಡಿವೆಪ್ಪ ಮಂಚದ ಪಕ್ಕದ ಕುರ್ಚಿಯಲ್ಲಿ, ಎಡಗೈಯನ್ನು ಕೊರಳಿಗೆ ತೂಗುಹಾಕಿದ ಪಟ್ಟಿ ಮುಚ್ಚುವಂತೆ ಶಾಲು ಹೊದ್ದು, ರಾಜನ ಹಾಗೆ ಕೂತಿದ್ದರು. ತುಟಿಯ ಮೇಲೆ ಬೆರಳಿಟ್ಟು ‘ಶ್’ ಎಂದರು. ಮಂಚದ ಮೇಲೆ, ಕುತ್ತಿಗೆಯವರೆಗೆ ಆಸ್ಪತ್ರೆಯ ಹೊದಿಕೆ ಹೊದ್ದು ಶಿವಲೀಲಾ ಗಾಢವಾಗಿ ನಿದ್ದೆ ಮಾಡುತ್ತಿದ್ದರು.

“ಏನ್ರಿ ಇದು?” ಎಂದು ನೀಲಾಂಬರಿ ಪಿಸುಗುಟ್ಟಿದಳು.

“ಮುಂಜಾನೆ ಎಚ್ಚರಾಗಿ ಕಣ್ಣು ಬಿಟ್ಟು ಅಕಿನ್ನ ನೋಡಿದೆ,” ಅಡಿವೆಪ್ಪನವರ ದನಿ ಅಷ್ಟು ಸಣ್ಣದಾಗಿದ್ದನ್ನು ಯಾರೂ ಕೇಳಿರಲಿಲ್ಲ. “ಕಣ್ಣು ಕೆಂಪು. ಮಾರಿ ಬಾಡಿತ್ತು. ಚಹಾದ ಕಪ್ಪು ಹಿಡಕೊಂಡ ತೂಕಡಸತಿದ್ಲು. ಎಷ್ಟು ತಿಂಗಳಿಂದ ಸರಿ ನಿದ್ದಿ ಇಲ್ಲೋ ಏನೋ. ಯಾಕ ಅಂದ್ರ, ಆರಾಮ ಇದ್ದೀನ್ರಿ ಅಂದ್ಳು. ಇನ್ನೊಮ್ಮೆ ಕೇಳಿದೆ. ಅತ್ತಳು. ಬಾ ಇಲ್ಲೆ, ಮಲಕೋ ಅಂತ ಜಾಗಾ ಬಿಟ್ಟುಕೊಟ್ಟೆ. ಈಗ ನೋಡ್ರಿ ಹೆಂಗ ಮಲಗ್ಯಾಳ, ಮಗು ಮಲಗಿದಂಗ.”

ಅಷ್ಟರಲ್ಲಿ ಪಾಳಿ ಬದಲಾಗಿ ಬಂದ ಹೊಸ ನರ್ಸ್ ಒಬ್ಬಳು ಒಳಗೆ ಬಂದಳು. ನೇರವಾಗಿ ಮಂಚದ ಬಳಿ ಹೋಗಿ ಶಿವಲೀಲಾ ಅವರ ಮುಖವನ್ನು ಬಗ್ಗಿ ನೋಡಿದಳು. ತಲೆಯಾಡಿಸಿದಳು. ಕುರ್ಚಿಯಲ್ಲಿದ್ದ ಅಡಿವೆಪ್ಪನವರ ಕಡೆ ತಿರುಗಿದಳು.

“ಪೇಷಂಟ್ ಭಾಳ ಸುಸ್ತಾಗ್ಯಾರಲ್ರಿ ಯಜಮಾನ್ರ. ನೀವೇನು ಇವರ ಕಡಿಯವರೇನು?”

ಇಮ್ತಿಯಾಜ್ ನಗು ತಡೆಯಲಾರದೆ ಹೊರಗೆ ಓಡಿದ. ಅಡಿವೆಪ್ಪ ಮೀಸೆಯನ್ನೂ ಅಲುಗಿಸದೆ, ಗಂಭೀರವಾಗಿ ಕೂತಲ್ಲಿಂದಲೇ ಉತ್ತರಿಸಿದರು.

“ಹೌದ್ರಿ ಸಿಸ್ಟರ್, ನಾ ಇವರ ಕಡಿಯಾಂವ. ಮಲಗಲಿ ಬಿಡ್ರಿ, ಎಬ್ಬಿಸಬ್ಯಾಡ್ರಿ. ಸೂಜಿ ಗೀಜಿ ಏನರ ಇದ್ರ ಅದನ್ನ ನನಗ ಮಾಡ್ರಿ.”